ಹಳ್ಳ ಯಾರದ್ದು, ಸಂಕ ಯಾರದ್ದು

ಹಳ್ಳ ದಾಟಲು ಕಾಲುಸಂಕ ಬೇಕೆಂದು ಅರ್ಜಿ ಬರೆಯಲು ಕೂತಾಗ ಕೈ ನಿಲ್ಲುವುದು ‘ಇವರಿಗೆ’ ಎಂಬ ಪದದ ಮುಂದೆ. ಯಾರಿಗೆ? ಪಂಚಾಯತಿಗೋ, ಲೋಕೋಪಯೋಗಿ ಇಲಾಖೆಗೋ, ತಹಶೀಲ್ದಾರರಿಗೋ, ಅರಣ್ಯ ಇಲಾಖೆಗೋ, ಶಾಸಕರಿಗೋ? ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಒಂದು ಮಜರೆಯ (ಗ್ರಾಮಕ್ಕೆ ಸೇರಿದ ಸಣ್ಣ ಊರಿನ) ಹಳ್ಳಕ್ಕೆ ಕಾಂಕ್ರೀಟ್ ಸಂಕ ಆಗುವಷ್ಟರಲ್ಲಿ ನಮಗೆ ಮೂರು ಮಳೆಗಾಲ ಹಿಡಿಯಿತು. ಅದರಲ್ಲಿ ಎರಡು ಹೋದದ್ದು ಹಣವಿಲ್ಲದೆ ಅಲ್ಲ, ಬಾಗಿಲು ತಪ್ಪಿ. ಇನ್ನೊಂದು ಊರಿನವರಿಗೆ ಆ ಎರಡು ಮಳೆಗಾಲ ಉಳಿಯಲಿ ಎಂದು ನಡೆದ ದಾರಿಯನ್ನು ಬರೆದಿಡುತ್ತಿದ್ದೇವೆ.

ಸಂಕ ಎಂದರೆ ಇಲ್ಲಿಯವರಿಗೆ ವಿವರಿಸಬೇಕಿಲ್ಲ. ಮೇ ತಿಂಗಳಲ್ಲಿ ಐದಾರು ಅಡಿಕೆ ಮರ ಹಾಸಿ, ಬಿಗಿದು ಕಟ್ಟಿ, ಹಿಡಿದುಕೊಳ್ಳಲು ಒಂದು ಬಿದಿರು ಅಡ್ಡ ಕಟ್ಟುತ್ತಾರೆ. ಅದು ಒಂದು ಮಳೆಗಾಲಕ್ಕೆ ಗಟ್ಟಿ. ಎರಡನೆಯದಕ್ಕೆ ಮರದ ಒಳಗೆ ಕುಂಬಾಗಿರುತ್ತದೆ, ಮೇಲೆ ಹಾವಸೆ ಹಿಡಿದು ಕಾಲು ಜಾರುತ್ತದೆ. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ನೀರು ಮರವನ್ನೇ ಮುಟ್ಟಿ ಹರಿಯುವಾಗ ಶಾಲೆಯ ಮಕ್ಕಳನ್ನು ಕೈಹಿಡಿದು ದಾಟಿಸಬೇಕು. ಡೈರಿಗೆ ಹಾಲು, ಪೇಟೆಗೆ ರೋಗಿ, ಎಲ್ಲವೂ ಅದರ ಮೇಲೇ.

ಬರಹದಲ್ಲಿ ಹಂಚಿಕೆ ಹೀಗಿದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಷ್ಟ್ರೀಯ ಹೆದ್ದಾರಿ ಕೇಂದ್ರ ಪಟ್ಟಿಯ 23ನೇ ಬಾಬ್ತು. ಉಳಿದ ರಸ್ತೆ, ಸೇತುವೆ, ದೋಣಿ ಸಾಗಾಟ ರಾಜ್ಯ ಪಟ್ಟಿಯ 13ನೇ ಬಾಬ್ತು. 73ನೇ ತಿದ್ದುಪಡಿಯ ಮೂಲಕ 1993ರಲ್ಲಿ ಜಾರಿಗೆ ಬಂದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳಿವೆ. ಅಲ್ಲಿಯೂ 13ನೆಯದೇ ರಸ್ತೆ, ಮೋರಿ, ಸೇತುವೆ, ದೋಣಿ, ಜಲಮಾರ್ಗ. ಅರಣ್ಯ ಮೊದಲು ರಾಜ್ಯದ್ದಾಗಿತ್ತು, 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಹೋಯಿತು. ಹಾಗಾಗಿ ಎಂಟು-ಹತ್ತು ಮೀಟರಿನ ಒಂದು ಸಂಕದ ಮೇಲೆ ಗ್ರಾಮ ಪಂಚಾಯತಿ, ಜಿಲ್ಲಾ ಪಂಚಾಯತಿ, ರಾಜ್ಯ ಮತ್ತು ಕೇಂದ್ರ ನಾಲ್ಕರ ಕಾನೂನೂ ಬಂದು ಕೂರಬಹುದು. ‘ಒಪ್ಪಿಸಬಹುದಾದ’ ಎಂಬ ಪದವನ್ನು ಗಮನಿಸಬೇಕು. ವಿಷಯ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಹಣವೂ ಎಂಜಿನಿಯರೂ ಪಂಚಾಯತಿಗೆ ಬಂದಿವೆ ಎಂದಲ್ಲ. ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು ರಾಜ್ಯದ ಶಾಸನಸಭೆ.

ನಮ್ಮ ಮೊದಲ ಅರ್ಜಿ ಸೇತುವೆ ಕಟ್ಟುವವರು ಎಂದು ಎಲ್ಲರಿಗೂ ಗೊತ್ತಿರುವ ಒಂದು ಕಚೇರಿಗೆ ಹೋಯಿತು. ನಾಲ್ಕು ತಿಂಗಳ ಮೇಲೆ ಒಂದು ಸಾಲಿನ ಹಿಂಬರಹ ಬಂತು: ಸದರಿ ರಸ್ತೆಯು ಈ ಇಲಾಖೆಯ ವ್ಯಾಪ್ತಿಗೆ ಒಳಪಡುವುದಿಲ್ಲ. ಯಾರ ವ್ಯಾಪ್ತಿ ಎಂದು ಬರೆದಿರಲಿಲ್ಲ. ಬೇಸರವಾಯಿತಾದರೂ ಆ ಹಿಂಬರಹ ಆಮೇಲೆ ಬಹಳ ಕೆಲಸಕ್ಕೆ ಬಂತು. ‘ನಮ್ಮದಲ್ಲ’ ಎಂಬುದು ಬಾಯಿಮಾತಾಗಿದ್ದರೆ ಮುಂದಿನ ಕಚೇರಿಯವರು ತಿರುಗಿ ಅಲ್ಲಿಗೇ ಕಳಿಸುತ್ತಾರೆ. ಬರಹದಲ್ಲಿದ್ದರೆ ಕಳಿಸಲಾಗದು. ಆದ್ದರಿಂದ ಅರ್ಜಿ ಕೊಟ್ಟಾಗ ಸ್ವೀಕೃತಿಯ ಮೊಹರು, ನಿರಾಕರಿಸಿದಾಗ ಹಿಂಬರಹ, ಎರಡನ್ನೂ ಕೇಳಿ ಪಡೆಯಬೇಕು.

ಆಮೇಲೆ ತಿಳಿದದ್ದು ಇಷ್ಟು. ‘ಹಣ ಯಾರ ಹತ್ತಿರ ಇದೆ’ ಎಂದು ಮೊದಲು ಕೇಳಬಾರದು. ಜಾಗ ಯಾರದ್ದು, ದಾರಿ ಯಾರದ್ದು, ಕಟ್ಟುವುದು ಕಾಲುಸಂಕವೋ ಸೇತುವೆಯೋ, ಈ ಮೂರನ್ನು ಇದೇ ಕ್ರಮದಲ್ಲಿ ಬಗೆಹರಿಸಿಕೊಂಡು ನಾಲ್ಕನೆಯದಾಗಿ ಹಣದ ಮಾತು.

ಜಾಗದ ಮಾತು. ಹಳ್ಳದ ಎರಡೂ ದಡದ ಸರ್ವೆ ನಂಬರುಗಳ ಪಹಣಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಗ್ರಾಮ ನಕಾಶೆ ತೆಗೆಸಬೇಕು. ನಕಾಶೆಯಲ್ಲಿ ಹಳ್ಳ ಎರಡು ಗೆರೆಯಾಗಿ ಕಾಣುತ್ತದೆ. ಸರ್ವೆ ನಂಬರಿನ ಒಳಗೆ ಬಂದಿದ್ದರೆ ಸಾಮಾನ್ಯವಾಗಿ ‘ಬಿ’ ಖರಾಬು ಎಂದಿರುತ್ತದೆ, ಅಂದರೆ ಸಾಗುವಳಿಗೆ ಸೇರದ ಸಾರ್ವಜನಿಕ ಜಾಗ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಬೇರೆಯವರ ಹಕ್ಕು ಸಾಬೀತಾಗದ ಹೊರತು ಹೊಳೆ, ಹಳ್ಳ, ಸಾರ್ವಜನಿಕ ದಾರಿ ಸರ್ಕಾರದ ಸ್ವತ್ತು. ಹಳ್ಳದ ಬಗ್ಗೆ ತಕರಾರು ಬರುವುದು ಕಡಿಮೆ, ಬರುವುದೆಲ್ಲ ದಡದ ಬಗ್ಗೆ. ಒಂದು ಬದಿ ಯಾರದೋ ತೋಟ, ಇನ್ನೊಂದು ಬದಿ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಅಥವಾ ಅರಣ್ಯ, ಇದೇ ಮಲೆನಾಡಿನ ಮಾಮೂಲು ಚಿತ್ರ. ತೋಟದವರು ನಾಲ್ಕಡಿ ಬಿಡಲು ಒಪ್ಪಿದ್ದರೆ ಅದನ್ನು ಬಾಯಲ್ಲಿ ಉಳಿಸಬಾರದು, ಪಂಚಾಯತಿಯ ಹೆಸರಿಗೆ ಒಪ್ಪಿಗೆ ಪತ್ರ ಬರೆಸಿ ಕಡತಕ್ಕೆ ಸೇರಿಸಬೇಕು. ಮನೆ ಪಾಲಾದ ಮೇಲೆ ಹೊಸ ಪಾಲುದಾರರು ಬೇಲಿ ಹಾಕಿದ ಉದಾಹರಣೆಗಳಿವೆ. ಹಳ್ಳ ಲಿಂಗನಮಕ್ಕಿ ಹಿನ್ನೀರಿನ ಅಂಚಿನಲ್ಲಿದ್ದರೆ ಜಲಾಶಯದ ಪೂರ್ಣ ಮಟ್ಟ 1819 ಅಡಿ ಎಂಬುದನ್ನು ನೆನಪಿಡಬೇಕು. ಆ ಗೆರೆಯ ಆಸುಪಾಸಿನ ಜಾಗವಾದರೆ ವಿದ್ಯುತ್ ನಿಗಮವನ್ನೂ ಕೇಳದೆ ಮುಂದೆ ಹೋಗಬಾರದು.

ದಾರಿಯ ಮಾತು. ಹೆದ್ದಾರಿಗಳಲ್ಲಿ ಗೊಂದಲವಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಉಡುಪಿಗೆ ಹೋಗುವ 169ಎ, ಹೊಸನಗರದ ಮೇಲೆ ಹಾಯುವ 766ಸಿ ರಾಷ್ಟ್ರೀಯ ಹೆದ್ದಾರಿಗಳು. ಆದರೂ ಆಗುಂಬೆ ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನ ನಿಲ್ಲಿಸುವ ಆದೇಶ ಹೊರಡಿಸುವುದು ಜಿಲ್ಲಾಧಿಕಾರಿ. ರಸ್ತೆಯೊಂದೇ, ಡಾಂಬರು ಒಬ್ಬರದ್ದು, ತಡೆಯುವ ಅಧಿಕಾರ ಇನ್ನೊಬ್ಬರದ್ದು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಗೆ ಸೇರಿವೆ. ಅದರ ಕೆಳಗಿನ ಗ್ರಾಮೀಣ ರಸ್ತೆಗಳನ್ನು ನೋಡಿಕೊಳ್ಳುವುದು ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆ, ಊರೊಳಗಿನ ಕೇರಿ ದಾರಿ ಗ್ರಾಮ ಪಂಚಾಯತಿಯ ಪಾಲು. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗೆ 2015ರ ನಂತರ ಕೇಂದ್ರ 60, ರಾಜ್ಯ 40 ಕೊಡುತ್ತದೆ. ಮೊದಲ ಐದು ವರ್ಷದ ನಿರ್ವಹಣೆ ಗುತ್ತಿಗೆದಾರನದ್ದು, ಆಮೇಲೆ ರಾಜ್ಯದ್ದು.

ನಮ್ಮ ದಾರಿ ಇವುಗಳಲ್ಲಿ ಯಾವುದೂ ಆಗಿರಲಿಲ್ಲ. ಜಿಲ್ಲೆಯ ಗ್ರಾಮೀಣ ರಸ್ತೆಗಳ ಪಟ್ಟಿಯಲ್ಲಿ ಅದಕ್ಕೆ ಸಂಖ್ಯೆಯೇ ಇರಲಿಲ್ಲ. ಸಂಖ್ಯೆ ಇಲ್ಲದ ದಾರಿಗೆ ಎಷ್ಟು ಜನ ಓಡಾಡಿದರೂ ಕ್ರಿಯಾ ಯೋಜನೆಯಲ್ಲಿ ಕಾಲಂ ಸಿಗುವುದಿಲ್ಲ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ, ತಿಳಿದದ್ದು ಮಾಹಿತಿ ಹಕ್ಕಿನಲ್ಲಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ‘ಇಂಥ ಸರ್ವೆ ನಂಬರಿನಿಂದ ಇಂಥ ಸರ್ವೆ ನಂಬರಿನವರೆಗಿನ ದಾರಿ ಯಾವ ಇಲಾಖೆಯ ರಸ್ತೆ ವಹಿಯಲ್ಲಿದೆ, ಅದರ ಪುಟದ ನಕಲು ಕೊಡಿ’ ಎಂದು ಕೇಳಿದೆವು. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದ ಮೀರಬಾರದು. ಕಾಯ್ದೆಯ 6(3) ಕಲಮಿನ ಪ್ರಕಾರ ಮಾಹಿತಿ ತಮ್ಮಲ್ಲಿಲ್ಲದಿದ್ದರೆ ಇರುವ ಕಚೇರಿಗೆ ಐದು ದಿನದೊಳಗೆ ಅವರೇ ವರ್ಗಾಯಿಸಬೇಕು. ಮಾಮೂಲಿ ಅರ್ಜಿಯಲ್ಲಿ ನಾವು ಕಚೇರಿಯಿಂದ ಕಚೇರಿಗೆ ಅಲೆಯುತ್ತೇವೆ, ಇಲ್ಲಿ ಕಾಗದವೇ ಅಲೆಯುತ್ತದೆ. ಮೂರು ಕಡೆಯಿಂದ ‘ನಮ್ಮ ವಹಿಯಲ್ಲಿಲ್ಲ’ ಎಂದು ಉತ್ತರ ಬಂದ ಮೇಲೆ ಉಳಿದದ್ದು ಗ್ರಾಮ ಪಂಚಾಯತಿ. ಅಲ್ಲಿ ಮೊದಲು ಠರಾವು ಆದದ್ದು ದಾರಿಯನ್ನು ರಸ್ತೆ ವಹಿಗೆ ಸೇರಿಸಲು. ಸಂಕದ ಠರಾವು ಆಮೇಲೆ.

ಮೂರನೆಯದು ಅಗಲದ ಪ್ರಶ್ನೆ. ಸಭೆಯಲ್ಲಿ ಎಲ್ಲರೂ ‘ಜೀಪ್ ಹೋಗುವ ಹಾಗೆ ಆಗಲಿ’ ಎನ್ನುತ್ತಾರೆ. ಆಸೆ ನ್ಯಾಯವಾದದ್ದೇ. ಆದರೆ 1.2ರಿಂದ 1.5 ಮೀಟರ್ ಅಗಲದ ಕಾಲುಸಂಕಕ್ಕೂ ವಾಹನದ ಸೇತುವೆಗೂ ಲೆಕ್ಕವೇ ಬೇರೆ. ವಾಹನವೆಂದ ಕೂಡಲೇ ಭಾರದ ದರ್ಜೆ, ಅಡಿಪಾಯ, ಕಬ್ಬಿಣ, ಎರಡೂ ಬದಿಯ ರಸ್ತೆ ಎಲ್ಲ ಬದಲಾಗುತ್ತದೆ, ಗ್ರಾಮ ಪಂಚಾಯತಿಯ ಕೈಮೀರುತ್ತದೆ. ರಸ್ತೆ ಎಂಜಿನಿಯರಿಂಗಿನ ಭಾಷೆಯಲ್ಲಿ 6 ಮೀಟರಿನವರೆಗೆ ಮೋರಿ, ಅಲ್ಲಿಂದ 60 ಮೀಟರಿನವರೆಗೆ ಕಿರುಸೇತುವೆ. ‘ಮೋರಿಯಲ್ಲೇ ಮುಗಿಸೋಣ’ ಎಂದು 6 ಮೀಟರಿನ ಒಳಗೆ ತರುವ ಒತ್ತಡ ಅಂದಾಜು ಪಟ್ಟಿ ಮಾಡುವಾಗ ಬಂದೇ ಬರುತ್ತದೆ. ಅಲ್ಲೇ ಹಳ್ಳ ಕೈಕೊಡುವುದು. ಎಂಟು ಮೀಟರ್ ಹರಿಯುವ ನೀರನ್ನು ಆರಕ್ಕೆ ಹಿಂಡಿದರೆ ಮೇಲ್ಬದಿಯಲ್ಲಿ ನೀರು ಏರುತ್ತದೆ, ಕೆಳಬದಿಯಲ್ಲಿ ದಡ ಕೊರೆಯುತ್ತದೆ. ಸಂಕ ನಿಂತಿರುತ್ತದೆ, ಪಕ್ಕದ ಮಣ್ಣು ಹೋಗಿ ಅದಕ್ಕೆ ಹತ್ತುವ ದಾರಿಯೇ ಇರುವುದಿಲ್ಲ. ಇಂಥ ಒಂಟಿ ಸಂಕಗಳು ಮಲೆನಾಡಿನಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತವೆ.

ಈ ವಾದ ಗೆಲ್ಲಲು ಅಳತೆ ಬೇಕು, ಅದನ್ನು ಮಳೆಗಾಲದಲ್ಲೇ ತೆಗೆಯಬೇಕು. ಎಂಜಿನಿಯರ್ ಸ್ಥಳ ಪರಿಶೀಲನೆಗೆ ಬರುವುದು ಡಿಸೆಂಬರಿನಲ್ಲಿ, ಹಳ್ಳದಲ್ಲಿ ಮೊಳಕಾಲುದ್ದ ನೀರಿರುವಾಗ. ‘ಸಾರ್, ಪುಷ್ಯ ಮಳೇಲಿ ಇಲ್ಲಿಗಂಟ ನೀರು ಬತ್ತದೆ’ ಎಂದು ಹಿರಿಯರು ಎದೆಮಟ್ಟ ಕೈ ತೋರಿಸಿದರೆ ಅದು ಅಂದಾಜು ಪಟ್ಟಿಯಲ್ಲಿ ಸೇರುವುದಿಲ್ಲ. ನಾವು ಎರಡನೇ ಮಳೆಗಾಲದಲ್ಲಿ ಮಾಡಿದ್ದು ಇಷ್ಟೇ. ದಡದ ಗಟ್ಟಿ ಮರವೊಂದಕ್ಕೆ ಅತಿ ಹೆಚ್ಚು ನೀರು ಬಂದ ದಿನದ ಗೆರೆಯನ್ನು ಪೇಂಟಿನಲ್ಲಿ ಹಾಕಿ, ತಾರೀಖು ಬರೆದು ಫೋಟೊ ತೆಗೆದೆವು. ದಡದ ಮೇಲೆ 20 ಮೀಟರ್ ಅಳೆದು ಎರಡು ಗೂಟ ಹುಗಿದು, ಒಣ ತೆಂಗಿನಕಾಯಿ ತೇಲಿಬಿಟ್ಟು ಸಮಯ ನೋಡಿದೆವು. ಎಂಟು ಸೆಕೆಂಡು, ಅಂದರೆ ಸೆಕೆಂಡಿಗೆ 2.5 ಮೀಟರ್. ಮೇಲಿನ ನೀರು ತಳದ ನೀರಿಗಿಂತ ವೇಗವಾಗಿ ಹೋಗುವುದರಿಂದ 0.85ರಿಂದ ಗುಣಿಸಿದರೆ ಸುಮಾರು 2.1. ಹಳ್ಳದ ಅಗಲ 8 ಮೀಟರ್, ಆಳ ಸರಾಸರಿ 2 ಮೀಟರ್, ಒಟ್ಟು 16 ಚದರ ಮೀಟರ್. ಗುಣಿಸಿದರೆ ಸೆಕೆಂಡಿಗೆ 34 ಘನ ಮೀಟರ್ ಆಸುಪಾಸು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆ ಪ್ರಕಾರ 3ರಿಂದ 30 ಘನ ಮೀಟರಿನವರೆಗೆ ನೆರೆ ಮಟ್ಟದಿಂದ ಸೇತುವೆಯ ತಳಕ್ಕೆ 600 ಮಿಲಿಮೀಟರ್ ಬಿಡಬೇಕು, 30 ದಾಟಿದರೆ 900. ಈ 300 ಮಿಲಿಮೀಟರ್ ನಮಗೆ ದೊಡ್ಡದು. ಮಲೆನಾಡಿನ ಹಳ್ಳ ಬರೀ ನೀರು ತರುವುದಿಲ್ಲ. ದರಗು, ಬಿದಿರ ಮೆಳೆ, ಕೆಲವೊಮ್ಮೆ ಬೇರು ಸಮೇತ ಮರವನ್ನೇ ತರುತ್ತದೆ. ತೊಲೆಗೆ ಅದು ಸಿಕ್ಕಿಕೊಂಡರೆ ಸಂಕ ಒಡ್ಡಾಗಿಬಿಡುತ್ತದೆ. ಅಳತೆಯ ಕಾಗದ, ಫೋಟೊ ಮುಂದಿಟ್ಟಾಗ ಕಿರಿಯ ಎಂಜಿನಿಯರು ತಾವೇ ಮತ್ತೆ ಲೆಕ್ಕ ಹಾಕಿ, ದಡದಿಂದ ಹಿಂದೆ ಸರಿಸಿ, ಸಂಕವನ್ನು ಹೊರುವ ಎರಡು ಕಟ್ಟೆಗಳ ನಡುವೆ 10 ಮೀಟರ್ ಬಿಟ್ಟರು.

ಗ್ರಾಮಸಭೆ ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಗ್ರಾಮ ಪಂಚಾಯತಿಯ ಮುಂದಿನ ವರ್ಷದ ಯೋಜನೆ ತಯಾರಾಗುವ ಅಭಿಯಾನ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ವಾರ್ಡ್ ಸಭೆಯಲ್ಲಿ ಬಾರದ ಬೇಡಿಕೆ ಗ್ರಾಮಸಭೆಯಲ್ಲಿ ಕೊನೆಯ ಸಾಲಿಗೆ ಹೋಗುತ್ತದೆ. ಅಡಿಕೆ ಕೊನೆಕೊಯ್ಲಿನ ದಿನಗಳಲ್ಲಿ ಸಭೆ ಬಿದ್ದರೆ ಜನ ಸೇರುವುದು ಕಷ್ಟ. ಆದರೂ ಮನೆಗೊಬ್ಬರಾದರೂ ಹೋಗಬೇಕು, ನಡಾವಳಿ ಪುಸ್ತಕದಲ್ಲಿ ಏನು ಬರೆದರು ಎಂದು ಓದಿ ಸಹಿ ಹಾಕಬೇಕು. ನಮ್ಮಲ್ಲಿ ಮೊದಲ ಸಲ ‘ರಸ್ತೆ ಅಭಿವೃದ್ಧಿ’ ಎಂದಷ್ಟೇ ಬರೆದಿದ್ದರು. ಸಂಕ ಎಂಬ ಪದವೇ ಇರಲಿಲ್ಲ. ಆ ವರ್ಷ ಅದೇ ಠರಾವಿನ ಮೇಲೆ ಬೇರೆ ಕಡೆ ಜಲ್ಲಿ ಹಾಕಿದರು. ಹಳ್ಳದ ಹೆಸರು, ಎರಡು ದಡದ ಸರ್ವೆ ನಂಬರು, ಉದ್ದ, ಅಗಲ, ಎಷ್ಟು ಮನೆ, ಎಷ್ಟು ಶಾಲಾ ಮಕ್ಕಳು, ಇಷ್ಟು ಠರಾವಿನಲ್ಲಿರಬೇಕು.

ಇನ್ನು ಹಣ. ಗ್ರಾಮ ಪಂಚಾಯತಿಗೆ ಆಗ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದಾಗಿತ್ತು. ಉಳಿದ 40ರಲ್ಲಿ ಇಡೀ ಪಂಚಾಯತಿಯ ಎಲ್ಲ ಊರುಗಳ ಕೆಲಸ. ಉದ್ಯೋಗ ಖಾತ್ರಿಯಲ್ಲಿ ನಾವು ಓಡಾಡುವ ಕಾಲಕ್ಕೆ ಕೂಲಿ 60, ಸಾಮಗ್ರಿ 40ರ ಕಟ್ಟುಪಾಡಿತ್ತು. ಕಾಂಕ್ರೀಟ್ ಸಂಕದಲ್ಲಿ ಸಿಮೆಂಟು, ಕಬ್ಬಿಣವೇ ಹೆಚ್ಚು. ಅದರಿಂದ ಎರಡು ಬದಿಯ ದಾರಿಯ ಮಣ್ಣು ಕೆಲಸ ಮಾಡಿಸಬಹುದಿತ್ತು, ಸಂಕವನ್ನಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯತಿಗಳಲ್ಲಿ ಕೇಳೋಣವೆಂದರೆ 2016ರಲ್ಲಿ ಆರಿಸಿಬಂದ ಸದಸ್ಯರ ಅವಧಿ 2021ಕ್ಕೆ ಮುಗಿದು, ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಕ್ಷೇತ್ರದ ಸದಸ್ಯರೊಬ್ಬರಿದ್ದಿದ್ದರೆ ಅಲ್ಲಿ ನಮ್ಮ ಹಳ್ಳದ ಹೆಸರೆತ್ತುತ್ತಿದ್ದರು. ಮಧ್ಯದ ಎರಡು ಮೆಟ್ಟಿಲು ಇಲ್ಲದೆ ಮಜರೆಯ ಮಾತು ನೇರ ಶಾಸಕರ ಹತ್ತಿರವೇ ಹೋಗಬೇಕಾಯಿತು. ಇದು ಸಣ್ಣ ಕೊರತೆಯಲ್ಲ.

ಉಳಿದ ದಾರಿಗಳು: ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಡಳಿತದ್ದು, ಆದ್ದರಿಂದ ಪತ್ರ ಸಿಕ್ಕಿದೊಡನೆ ಕೆಲಸ ಆಯಿತೆಂದು ಸಿಹಿ ಹಂಚಬಾರದು. ಶಾಲಾ ಮಕ್ಕಳು ದಾಟುವ ಹಳ್ಳಗಳಿಗೆಂದೇ ಲೋಕೋಪಯೋಗಿ ಇಲಾಖೆಯಲ್ಲಿ ಶಾಲಾ ಸಂಪರ್ಕ ಸೇತು ಎಂಬ ಯೋಜನೆ ಬಂದಿತ್ತು. ಶಿವಮೊಗ್ಗದಲ್ಲೇ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಇದೆ. 1991ರ ಕಾಯ್ದೆಯಿಂದ ಬಂದ ಈ ಮಂಡಳಿಯ ವ್ಯಾಪ್ತಿ 13 ಜಿಲ್ಲೆ, ಕಾಲುಸಂಕ ಅದರ ಹಳೆಯ ಬಾಬ್ತು. ಹಳ್ಳಕ್ಕೆ ಹಲಗೆ ಹಾಕಿ ಬೇಸಿಗೆಗೆ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟು ಮಾಡಿ ಅದರ ಮೇಲೆಯೇ ದಾಟುವ ದಾರಿ ಮಾಡಿಸಬಹುದು. ಆಗ ನೀರಾವರಿಯ ಪ್ರಶ್ನೆ ಬರುತ್ತದೆ: 40 ಹೆಕ್ಟೇರಿನವರೆಗಿನ ಅಚ್ಚುಕಟ್ಟು (ನೀರುಣ್ಣುವ ಜಮೀನು) ಜಿಲ್ಲಾ ಪಂಚಾಯತಿಯದ್ದು, ಅದರ ಮೇಲೆ 2000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ ಇಲಾಖೆಯದ್ದು.

ಎಲ್ಲ ಕಡೆಯೂ ಒಟ್ಟಿಗೆ ಅರ್ಜಿ ಹಾಕುವುದು ಸಹಜವಾಗಿ ತೋರುತ್ತದೆ. ಅದರಿಂದ ಪೆಟ್ಟು ತಿಂದೆವು. ಒಂದೇ ಸಂಕ ಎರಡು ಕಡೆಯ ಕರಡು ಪಟ್ಟಿಗೆ ಸೇರಿತು. ಇನ್ನೊಬ್ಬರು ತೆಗೆದುಕೊಂಡಿದ್ದಾರೆ ಎಂದು ಒಬ್ಬರು ಕೈಬಿಟ್ಟರು, ಅದೇ ವಾರ ಅವರೂ ಕೈಬಿಟ್ಟರು. ಒಂದು ಕಡೆ ಹಿಡಿದ ಮೇಲೆ ಉಳಿದ ಕಡೆ ಅರ್ಜಿ ಹಿಂಪಡೆದು, ‘ಈ ಕಾಮಗಾರಿ ಬೇರೆ ಯಾವ ಯೋಜನೆಯಲ್ಲೂ ಕೈಗೊಂಡಿಲ್ಲ’ ಎಂಬ ದೃಢೀಕರಣವನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಪಡೆದು ಕೊಡಬೇಕು.

ಅರಣ್ಯದ ಬದಿ ಇದ್ದರೆ ಬೇರೊಂದು ಕಡತ. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡಲು 1980ರ ಕೇಂದ್ರ ಕಾಯ್ದೆಯ ಅನುಮತಿ ಬೇಕು, ಅದು ಉದ್ದದ ದಾರಿ. ಊರಿನ ಸಣ್ಣ ಸೌಲಭ್ಯಗಳಿಗೆ ಹತ್ತಿರದ ದಾರಿಯೊಂದು 2006ರ ಅರಣ್ಯ ಹಕ್ಕು ಕಾಯ್ದೆಯ 3(2) ಕಲಮಿನಲ್ಲಿದೆ. ಶಾಲೆ, ಅಂಗನವಾಡಿ, ನೀರಿನ ಕೊಳವೆ, ವಿದ್ಯುತ್ ತಂತಿ, ರಸ್ತೆ ಸೇರಿ 13 ಸೌಲಭ್ಯಗಳಿಗೆ, ಪ್ರತಿಯೊಂದಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗವಾದರೆ, ಹೆಕ್ಟೇರಿಗೆ 75 ಮರಗಳಿಗಿಂತ ಹೆಚ್ಚು ಕಡಿಯದಿದ್ದರೆ, ಗ್ರಾಮಸಭೆ ಶಿಫಾರಸು ಮಾಡಿದರೆ ಜಿಲ್ಲೆಯ ಮಟ್ಟದಲ್ಲೇ ತೀರ್ಮಾನವಾಗುತ್ತದೆ. ನಮಗೆ ಬೇಕಿದ್ದದ್ದು 200 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿ. ಅಂದರೆ 0.06 ಹೆಕ್ಟೇರ್, ಆರು ಗುಂಟೆ. ಒಂದು ಮರವೂ ಕಡಿಯಬೇಕಿರಲಿಲ್ಲ. ಇಲ್ಲಿ ಊರವರು ಮಾಡುವ ತಪ್ಪು, ತಾವೇ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡುವುದು. ಕೇಳಬೇಕಾದದ್ದು ಕಾಮಗಾರಿ ಮಾಡುವ ಇಲಾಖೆ, ನಿಗದಿತ ನಮೂನೆಯಲ್ಲಿ. ಊರವರ ಕೆಲಸ ಗ್ರಾಮಸಭೆಗೆ ಜನ ಸೇರಿಸುವುದು, ಏಕೆಂದರೆ ಈ ಠರಾವಿಗೆ ಅರ್ಧದಷ್ಟು ಸದಸ್ಯರ ಹಾಜರಿ ಬೇಕು. ಹಾಜರಿ ಕಡಿಮೆಯೆಂದೇ ಕಡತ ವಾಪಸು ಬರುವುದುಂಟು. ಶರಾವತಿ ಕಣಿವೆಯಂಥ ಅಭಯಾರಣ್ಯದೊಳಗಾದರೆ 1972ರ ವನ್ಯಜೀವಿ ಕಾಯ್ದೆಯೂ ಸೇರುತ್ತದೆ, ಆಗ ಒಂದು ವರ್ಷದ ಲೆಕ್ಕ ಇಟ್ಟುಕೊಳ್ಳಬಾರದು.

ಕಟ್ಟುವ ಕೆಲಸದಲ್ಲಿ ಕಾಯುವ ಶತ್ರು ಪಂಚಾಂಗ. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಮುಗಿಯುವಾಗ ಫೆಬ್ರವರಿ ಆಗಿರುತ್ತದೆ. ಮಾರ್ಚ್ 31ರೊಳಗೆ ಬಿಲ್ಲಾಗಬೇಕೆಂಬ ಅವಸರ ಒಂದು ಕಡೆ, ಜೂನ್ ಮೊದಲ ವಾರ ಹಳ್ಳ ಬರುತ್ತದೆಂಬ ಹೆದರಿಕೆ ಇನ್ನೊಂದು ಕಡೆ. ಆರು ಮೀಟರ್ ಮೀರಿದ ತೊಲೆಗಳ ಕೆಳಗಿನ ಆಸರೆ ಗೂಟಗಳನ್ನು 21 ದಿನ ತೆಗೆಯಬಾರದು, ಕಾಂಕ್ರೀಟ್ ಪೂರ್ತಿ ಬಲಕ್ಕೆ ಬರಲು 28 ದಿನ. ಮೇ 15ಕ್ಕೆ ಕಾಂಕ್ರೀಟ್ ಹಾಕಿದರೆ ಗೂಟ ತೆಗೆಯುವ ದಿನ ಜೂನ್ 5. ಅಷ್ಟರಲ್ಲಿ ನೀರು ಬಂದು ಗೂಟ ಕಿತ್ತರೆ ಹಸಿ ತೊಲೆ ಬಾಗುತ್ತದೆ. ಏಪ್ರಿಲ್ ಕೊನೆಯೊಳಗೆ ಮೇಲಿನ ಕಾಂಕ್ರೀಟ್ ಮುಗಿಯದಿದ್ದರೆ ಕಟ್ಟೆಗಳಷ್ಟನ್ನು ಮುಗಿಸಿ ನಿಲ್ಲಿಸಿ, ಅಡಿಕೆ ಮರವನ್ನು ಅವುಗಳ ಮೇಲೇ ಹಾಸಿ ಒಂದು ಮಳೆಗಾಲ ಕಳೆಯುವುದು ವಾಸಿ. ಅಡಿಪಾಯ ಗಟ್ಟಿ ಕಲ್ಲಿಗೆ ಇಳಿದಿದೆಯೇ ಎಂದು ತುಂಬುವ ಮೊದಲೇ ನೋಡಬೇಕು. ಮೇಲ್ನೋಟಕ್ಕೆ ಗಟ್ಟಿಯಾಗಿ ಕಂಡ ಜಂಬಿಟ್ಟಿಗೆಯ ಕೆಳಗೆ ಮೆತ್ತನೆ ಜೇಡಿ ಇರುವುದು ಇಲ್ಲಿ ಸಾಮಾನ್ಯ.

ಹಣ ಎರಡು ಕಡೆಯಿಂದ ಬಂದಾಗ ಆಗುವ ತೊಂದರೆಯೊಂದನ್ನು ಹೇಳಲೇಬೇಕು. ಸಂಕ ಒಂದು ಯೋಜನೆಯಲ್ಲಿ, ದಾರಿ ಇನ್ನೊಂದರಲ್ಲಿ. ಸಂಕದ ಅಂದಾಜು ಪಟ್ಟಿ ಕಟ್ಟೆಯ ಅಂಚಿಗೆ ನಿಂತಿತು, ದಾರಿಯದ್ದು ದಡಕ್ಕೆ ನಿಂತಿತು. ನಡುವಿನ ಮೂರು ಮೀಟರ್ ಏರು ಯಾರ ಪಟ್ಟಿಯಲ್ಲೂ ಇರಲಿಲ್ಲ. ಸಂಕ ತಯಾರಾಯಿತು, ಹತ್ತಲು ಎರಡಡಿ ಮೆಟ್ಟಿಲಿಲ್ಲ. ಪಟ್ಟಿಗಳು ಮಂಜೂರಾಗುವ ಮೊದಲೇ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದರ ಕೊನೆಯ ಅಳತೆ ಇನ್ನೊಂದರ ಮೊದಲ ಅಳತೆಗೆ ಕೂಡುತ್ತದೆಯೇ ಎಂದು ಓದಿದ್ದರೆ ಸಾಕಿತ್ತು.

ಕೆಲಸ ಮುಗಿದು ಅಳತೆ ಪುಸ್ತಕ ತುಂಬಿದ ಮೇಲೂ ಒಂದು ಕಾಗದ ಬಾಕಿ ಇರುತ್ತದೆ. ಕಟ್ಟಿದವರು ಗ್ರಾಮ ಪಂಚಾಯತಿಗೆ ಹಸ್ತಾಂತರಿಸಬೇಕು, ಪಂಚಾಯತಿ ತನ್ನ ಆಸ್ತಿ ವಹಿಯಲ್ಲಿ ಬರೆದುಕೊಳ್ಳಬೇಕು. ಇದನ್ನು ಯಾರೂ ನೆನಪಿಸುವುದಿಲ್ಲ. ವಹಿಯಲ್ಲಿಲ್ಲದ ಸಂಕದ ಕೈಹಿಡಿ ಕಂಬಿ ಮುರಿದರೆ ರಿಪೇರಿಗೆ ಹಣ ಹಾಕಲು ದಾರಿಯಿಲ್ಲ. ನೆರೆಯಲ್ಲಿ ಕೊಚ್ಚಿಹೋದರೆ ತಹಶೀಲ್ದಾರರ ಹಾನಿ ಪಟ್ಟಿಗೆ ಸೇರಿಸುವಾಗ ‘ಯಾರ ಆಸ್ತಿ’ ಎಂಬ ಕಾಲಂ ಖಾಲಿ ಬೀಳುತ್ತದೆ. ರಾಜ್ಯ ವಿಪತ್ತು ಸ್ಪಂದನ ನಿಧಿಯಲ್ಲಿ 75 ಭಾಗ ಕೇಂದ್ರದ್ದು, 25 ರಾಜ್ಯದ್ದು, ಆದರೆ ಆ ಹಣ ಬರುವುದು ಈ ಪಟ್ಟಿಯ ದಾರಿಯಲ್ಲೇ. ನಾವು ಹಸ್ತಾಂತರ ಪತ್ರದ ನಕಲು, ವಹಿಯ ಪುಟದ ಫೋಟೊ ಎರಡನ್ನೂ ಇಟ್ಟುಕೊಂಡಿದ್ದೇವೆ.

ಮೇ ಕೊನೆಯ ವಾರ ಮನೆಗೊಬ್ಬರು ಸೇರಿ ಕಟ್ಟೆಯ ಮೇಲ್ಬದಿಯ ದರಗು, ಬಿದ್ದ ಕೊಂಬೆ ತೆಗೆದು, ಕಟ್ಟೆಯ ಗೋಡೆಯ ನೀರು ಕಿಂಡಿಗಳನ್ನು ಕೋಲು ಹಾಕಿ ಬಿಡಿಸುತ್ತೇವೆ. ಇದಕ್ಕೆ ಯಾವ ಇಲಾಖೆಯ ಬಾಬ್ತೂ ಬೇಡ. ನೆರೆಯ ಗೆರೆಯನ್ನು ಈಗ ಮರದ ಬದಲು ಕಟ್ಟೆಯ ಗೋಡೆಗೇ ಹಾಕುತ್ತೇವೆ, ವರ್ಷದ ಅಂಕಿ ಸಮೇತ. ಹಳ್ಳದ ಮೇಲ್ಭಾಗದ ಇನ್ನೊಂದು ಮಜರೆಯವರು ಹೋದ ಮಳೆಗಾಲ ಬಂದು ಆ ಗೆರೆಗಳನ್ನು ಬರೆದುಕೊಂಡು ಹೋದರು. ಅವರ ಅರ್ಜಿಯಲ್ಲಿ ‘ಇವರಿಗೆ’ ಎಂಬುದರ ಮುಂದೆ ಗ್ರಾಮ ಪಂಚಾಯತಿ ಎಂದಿದೆ. ವಿಷಯ ಎಂಬಲ್ಲಿ, ದಾರಿಯನ್ನು ರಸ್ತೆ ವಹಿಗೆ ಸೇರಿಸುವ ಬಗ್ಗೆ.